ಪೆಟ್ಟಿಗೆಯಲ್ಲಿದ್ದ ಲಂಗೋಟ

ನಡುರಾತ್ರಿ ಎರಡೂವರೆಗೆ ಮಗಳು ನೀರಡಿಸಿ ಅಳುವ ಸದ್ದಿಗೆ ಎಚ್ಚರವಾಯಿತು. ಲೋಟ ಖಾಲಿ ಮಾಡಿ ಅವಳು ಮಲಗಿದಳು. ನನಗೆ ಹಾನಗಲ್ಲಿನ ನಮ್ಮ ಮನೆಯ ತಾಮ್ರದ ಕೊಡ ನೆನಪಾಯಿತು.

ಅಪ್ಪ ಪೈಲ್ವಾನ. ದಿನವೂ ನಸುಕಿನಲ್ಲೆದ್ದು ಗರಡಿಮನೆಗೆ ಹೋಗಿ ಬೈಠಕ್ ಹೊಡೆದು, ಕೆಂಪು ಮಣ್ಣು ಮೆತ್ತಿದ ಮೈಯಲ್ಲೇ ಬಂದು, ಅವ್ವ ಅರೆದಿಟ್ಟ ಬಾದಾಮಿ ಹಾಲು ಕುಡಿಯುತ್ತಿದ್ದ. ಆದರೆ ಕುಸ್ತಿಗೆ ಎರಡು ದಿನ ಉಳಿಯಿತೆಂದರೆ ಅವ್ವ ಅವನ ಲಂಗೋಟವನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿಬಿಡುತ್ತಿದ್ದಳು.

“ಒಂದ್ ತಾಸಿನ ಮಟ್ಟಿಗೆ ಕೊಡು, ಮೈ ಜಡ್ಡಗಟ್ಟಾಕತ್ತೈತಿ.”

“ಜಡ್ಡಗಟ್ಟಲಿ. ದಣದ ಎತ್ತು ಕಾರಹುಣ್ಣಿವಿ ಓಟದಾಗ ಕರಿ ಹರೀತೈತೇನು? ಸುಮ್ನ ಕುಂತು ನೀರು ಕುಡೀರಿ.”

ಅಪ್ಪ ಗೊಣಗುತ್ತ ಕೊಡದ ಮುಂದೆ ಕೂರುತ್ತಿದ್ದ. ನಾನೂ ತಮ್ಮನೂ ಪೆಟ್ಟಿಗೆಯ ಮೇಲೆ ಕೂತು ಕಾವಲು ಕಾಯುತ್ತಿದ್ದೆವು.

ಆ ತಮ್ಮನಿಗೆ ಬೆಳಗಾದರೆ ಶಿಗ್ಗಾವಿಯಲ್ಲಿ ಮ್ಯಾಟಿನ ಮೇಲೆ ಕುಸ್ತಿ. ರಾತ್ರಿ ಫೋನ್ ಮಾಡಿದಾಗ ಅವನ ಒಣಗಿದ ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ.

“ಅಕ್ಕಾ, ಮುಂಜಾನೆ ತೂಕ ನೋಡ್ತಾರ. ನನ್ನ ತೂಕದ ಗುಂಪಿನಾಗ ಹಿಡೀಬೇಕಂದ್ರ ಇನ್ನೊಂದು ಕಿಲೋ ಇಳೀಬೇಕು. ನಿನ್ನಿಯಿಂದ ನೀರು ಮುಟ್ಟಿಲ್ಲ. ಎರಡು ಸ್ವೆಟರ್ ಹಾಕ್ಕೊಂಡು ಓಡಾಕತ್ತೇನಿ.”

ಬೈದೆ. ಆಮೇಲಿಂದ ಅವನು ನನ್ನ ಫೋನ್ ಎತ್ತುತ್ತಿಲ್ಲ. ಕೀಲಿ ಹಾಕಲು ಈಗ ಅವ್ವ ಇಲ್ಲ, ತಿಳಿಹೇಳಲು ಅಪ್ಪನೂ ಇಲ್ಲ.

ನನ್ನ ಈ ಪೋಸ್ಟ್ ಓದುವವರಲ್ಲಿ ಅವನ ಗರಡಿಯ ಗೆಳೆಯರಿದ್ದೀರಿ. ಅವನು ಮೇಲಿನ ತೂಕದವರೊಡನೆ ಕುಸ್ತಿ ಹಿಡಿದು ಸೋತು ಬಂದರೂ ಅಡ್ಡಿಯಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ, ಯಾರಾದರೂ ಬೆಳಗಾಗುವುದರೊಳಗೆ ಅವನಿಗೊಂದು ಫೋನ್ ಮಾಡಿ, ನೀರು ಕುಡಿಯಲು ಹೇಳಿ.