ಎದುರಾಳಿಗಳ ಅಡುಗೆಮನೆ

"ಅದೊಂದ್ ಬಿಟ್ಟು ಬ್ಯಾರೆ ಏನರ ಮಾತಾಡ್ರಿ" ಎನ್ನುವುದು ನಮ್ಮ ಪಕ್ಕದ ಮನೆಯ ಚನ್ನವೀರರ ನಿತ್ಯದ ಮಾತು. ಅವರು ಕಲ್ವರ್ ಸಿಟಿಯ ಆಫೀಸಿನಲ್ಲಿ ಕೂತು, ಸಾವಿರಾರು ಮೈಲಿ ದೂರದ ಹವಾಯಿಯ ದ್ವೀಪಗಳ ನಡುವೆ ಓಡಾಡುವ ಪುಟ್ಟ ವಿಮಾನಗಳ ವೇಳಾಪಟ್ಟಿ ಮಾಡುತ್ತಾರೆ. ಹೆಂಡತಿ ಶೀತಲ್ ಅವರದು ಎದುರಾಳಿ ಕಂಪನಿಯಲ್ಲಿ ಅದೇ ಕೆಲಸ. ಎದುರಾಳಿ ಕಂಪನಿಯವರು ಟಿಕೆಟ್ ದರ, ವೇಳೆಯ ಬಗ್ಗೆ ತಮ್ಮೊಳಗೆ ಮಾತಾಡಿಕೊಳ್ಳುವುದು ಕಾನೂನಿಗೆ ವಿರುದ್ಧ. ಆ ಕಾನೂನನ್ನು ಚನ್ನವೀರರು ಅಡುಗೆಮನೆಯವರೆಗೂ ತಂದಿದ್ದಾರೆ. ಶೀತಲ್ ಲ್ಯಾಪ್‌ಟಾಪ್ ತೆರೆದರೆ ಇವರು ಗೋಡೆಗೆ ಮುಖ ಮಾಡಿ ರೊಟ್ಟಿ ತಿನ್ನುತ್ತಾರೆ. ಆಕೆಗೆ ಆಫೀಸಿನ ಫೋನ್ ಬಂದರೆ ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳುತ್ತಾರೆ. "ನಾಳೆ ಎಷ್ಟಕ್ಕ ಏಳ್ತೀರಿ?" ಎಂದು ಆಕೆ ಕೇಳಿದರೂ "ನಿನಗ ಯಾಕ ಬೇಕು?" ಎನ್ನುತ್ತಾರೆ. ಕನ್ನಡ ಸಂಘದ ಪಿಕ್‌ನಿಕ್‌ನಲ್ಲಿ ನಾನು ಹವಾಯಿಗೆ ಟಿಕೆಟ್ ಯಾವಾಗ ಅಗ್ಗ ಎಂದು ಕೇಳಿದ್ದಕ್ಕೆ ತಟ್ಟೆ ಸಮೇತ ಬೇರೆ ಮರದ ಕೆಳಗೆ ಹೋಗಿ ಕೂತರು. ಎರಡು ವರ್ಷದ ಹಿಂದೆ, ಆಸ್ಪತ್ರೆಯಿಲ್ಲದ ಒಂದು ಸಣ್ಣ ದ್ವೀಪದಿಂದ ಒಂದೇ ಹೊತ್ತಿಗೆ ಹೊರಡುತ್ತಿದ್ದ ತಮ್ಮ ತಮ್ಮ ಕಂಪನಿಯ ಸಂಜೆ ವಿಮಾನವನ್ನು ಗಂಡ ಹೆಂಡತಿ ಇಬ್ಬರೂ ಒಂದೇ ವಾರ ಪಟ್ಟಿಯಿಂದ ತೆಗೆದರು; ಇನ್ನೊಬ್ಬರದು ಇದ್ದೇ ಇರುತ್ತದೆ ಎಂದು ಇಬ್ಬರೂ ನಂಬಿದ್ದರು. ಮತ್ತೆ ಶುರು ಮಾಡಲು ಯಾವ ಕಂಪನಿಯೂ ಒಪ್ಪಲಿಲ್ಲ. ಅಲ್ಲಿ ಸಂಜೆ ಹುಷಾರು ತಪ್ಪಿದವರು ಈಗ ಬೆಳಗಿನವರೆಗೆ ಕಾಯಬೇಕು. ಮೊನ್ನೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ರಾತ್ರಿ ಏಳು ನಲವತ್ತಕ್ಕೆ ಇಬ್ಬರ ಫೋನಿನಲ್ಲೂ ಒಟ್ಟಿಗೆ ಅಲಾರಂ ಹೊಡೆಯಿತು. "ಏನದು?" ಎಂದೆ. "ಅಲ್ಲೀಗ ಇನ್ನೂ ಸಂಜಿ. ಆ ದ್ವೀಪದ ವಿಮಾನ ಹೊರಡತಿದ್ದ ಟೈಮ್ ರಿ" ಎಂದರು ಶೀತಲ್. ಚನ್ನವೀರರು "ಅದೊಂದ್ ಬಿಟ್ಟು" ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ, ಹೆಂಡತಿಯ ತಟ್ಟೆಗೆ ಒಂದು ರೊಟ್ಟಿ ಬಡಿಸಿದರು.