ಹಾಯಿ ಹೊಲಿಯುವವಳು ದೋಣಿ ಹತ್ತಿದ್ದು

ಬಂದರಿನವರೆಲ್ಲ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ದೋಣಿ ಕಟ್ಟುವ ಶೆಡ್ಡಿನ ಮೇಲಿನ ಉದ್ದನೆಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಹಾಯಿ ಹೊಲಿದವಳು. ಬಟ್ಟೆಯನ್ನು ನೆಲದುದ್ದಕ್ಕೂ ಹಾಸಿ, ಮಂಡಿಯೂರಿ, ಅಂಗೈಗೆ ಚರ್ಮದ ಪಟ್ಟಿ ಬಿಗಿದು ದಪ್ಪ ಸೂಜಿಯನ್ನು ನೂಕುತ್ತಿದ್ದಳು. ಹಾಯಿಗಳು ಊರೂರು ಸುತ್ತಿದವು. ಅವಳು ಮಾತ್ರ ದೋಣಿ ಹತ್ತಲಿಲ್ಲ. ಎಂಟನೇ ವಯಸ್ಸಿನಲ್ಲಿ ಅಪ್ಪನ ಜೊತೆ ಹೋಗಿ, ಕರುಳೇ ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡಿದ್ದಳು. ಅಂದಿನಿಂದ ಸಮುದ್ರಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ.

ಅವಳ ತಮ್ಮ ಹಾಯಿದೋಣಿಯಲ್ಲಿ ಪ್ರವಾಸಿಗರನ್ನು ದ್ವೀಪದಿಂದ ದ್ವೀಪಕ್ಕೆ ಕರೆದೊಯ್ಯುತ್ತಿದ್ದ. ನಾಲ್ಕನೆಯ ದ್ವೀಪದಲ್ಲೊಂದು ರೆಸಾರ್ಟ್. ಅಲ್ಲಿ ಜನರೇಟರಿನ ಸದ್ದಿಲ್ಲ, ಪ್ಲಾಸ್ಟಿಕ್ಕಿನ ಚೂರಿಲ್ಲ. ಸ್ನಾನದ ನೀರೆಲ್ಲ ಪಪ್ಪಾಯಿ ಗಿಡಗಳ ಬುಡಕ್ಕೆ. ಅದರ ಒಡತಿ ಸವೆದ ಹಾಯಿಗಳನ್ನು ಬಿಸಾಡಲು ಬಿಡದೆ, ಜಗಲಿಗಳಿಗೆ ನೆರಳಾಗುವಂತೆ ಸೂಜಿಯಕ್ಕನ ಕೈಯಲ್ಲಿ ಹೊಲಿಸುತ್ತಿದ್ದಳು. ಒಂದು ವರ್ಷ ಎರಡು ಸಲ ಅಳತೆ ತಪ್ಪಿತು. ಅಳತೆ ತರುತ್ತಿದ್ದವನು ತಮ್ಮ.

"ಹೆಚ್ಚುಕಡಿಮೆ ಹನ್ನೆರಡು ಅಡಿ ಅಂದ್ರೆ ಹೇಗೋ ಹೊಲಿಯೋದು?" ಎಂದು ರೇಗಿದಳು.

"ಹಾಗಾದ್ರೆ ನೀನೇ ಬಂದು ಅಳತೆ ತಗೋ ಅಕ್ಕ. ವಾಂತಿ ಮಾಡಿದ್ರೆ ಸಮುದ್ರ ಏನೂ ಬೇಜಾರು ಮಾಡ್ಕೊಳ್ಳಲ್ಲ."

ಆ ಸಿಟ್ಟಿಗೇ ಹೊರಟುಬಿಟ್ಟಳು.

ಮೊದಲ ದ್ವೀಪದವರೆಗೂ ಬಕೆಟ್ಟಿನಿಂದ ತಲೆ ಎತ್ತಲಿಲ್ಲ. ಎರಡನೆಯದು ದಾಟುವಾಗ ಗಾಳಿ ತಿರುಗಿ, ಮೇಲೆ ಪಟಾರೆಂದು ಸದ್ದಾಯಿತು. ನೋಡಿದಳು. ಇಷ್ಟು ವರ್ಷ ನೆಲದ ಮೇಲೆ ಬಿದ್ದುಕೊಂಡ ಹಾಯಿಯನ್ನಷ್ಟೇ ಕಂಡವಳು ಅವಳು. ಈಗ ಅದು ತುಂಬು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಹೊಲಿಗೆಯ ತೂತುಗಳಿಂದ ಬಿಸಿಲು ಸಾಲುಸಾಲಾಗಿ ಸೋರುತ್ತಿತ್ತು.

"ಇದನ್ನ ನಾನೇ ಹೊಲ್ದಿದ್ದೇನೋ?"

"ಇಲ್ಲ, ನಮ್ಮಜ್ಜಿ ಎದ್ದುಬಂದು ಹೊಲ್ದು ಹೋದ್ಲು!"

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹೊಟ್ಟೆಯ ತಳಮಳ ಯಾವಾಗ ನಿಂತಿತೋ ತಿಳಿಯಲಿಲ್ಲ. ಮೂರನೆಯ ದ್ವೀಪ ಹಸಿರು ಮಬ್ಬಿನಂತೆ ಪಕ್ಕದಲ್ಲೇ ತೇಲಿಹೋಯಿತು. ನೀರು ಎಷ್ಟು ತಿಳಿಯಾಗಿತ್ತೆಂದರೆ ದೋಣಿಯ ನೆರಳು ಕೆಳಗಿನ ಮರಳಿನ ಮೇಲೆ ಇನ್ನೊಂದು ದೋಣಿಯಾಗಿ ಜೊತೆಗೇ ಬರುತ್ತಿತ್ತು.

ರೆಸಾರ್ಟಿನಲ್ಲಿ ಅವಳು ಜಗಲಿಯ ಕಂಬದ ಬಳಿ ಟೇಪು ಬಿಚ್ಚುವಷ್ಟರಲ್ಲಿ ಒಡತಿ ತಡೆದಳು. "ಕಂಬ ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ಸ್ವಲ್ಪ ಮಲಗಿ."

ಹಗಲು ಮಲಗಿ ಅಭ್ಯಾಸವಿಲ್ಲದವಳು ಬಲೆಯ ತೂಗುಮಂಚದಲ್ಲಿ ಮುದುಡಿಕೊಂಡು ಒರಗಿದಳು. ಮೇಲೆ ನೆರಳಿಗೆ ಕಟ್ಟಿದ ಅವಳದೇ ಹಳೆಯ ಹಾಯಿ ಉಸಿರಾಡುವಂತೆ ಏರಿ ಇಳಿಯುತ್ತಿತ್ತು. ತೇಲುತ್ತಿರುವುದು ದ್ವೀಪವೋ ತಾನೋ ಎಂಬ ಗೊಂದಲದಲ್ಲೇ ಕಣ್ಣು ಮುಚ್ಚಿತು.

ಅಳತೆ ಮುಗಿದದ್ದು ಅರ್ಧ ದಿನಕ್ಕೆ. ಅವಳು ಉಳಿದದ್ದು ಆರು ದಿನ. ದಿನವೂ ಟೇಪು ಹಿಡಿದು ಹೊರಡುತ್ತಿದ್ದ ಅವಳನ್ನು ಕಂಡು ತಮ್ಮ, "ಕಂಬ ನಿನ್ನೆಗಿಂತ ಬೆಳೆದಿದ್ಯಾ ಅಕ್ಕ?" ಎಂದು ಕಿಚಾಯಿಸಿದ.

"ಬೆಳೆದಿದೆ. ನಾಳೆನೂ ನೋಡ್ಬೇಕು," ಎಂದಳು.

ಊರಿಗೆ ಮರಳಿದ ಮೇಲೆ ಅವಳು ಬಟ್ಟೆ ಕತ್ತರಿಸುವ ರೀತಿಯೇ ಬದಲಾಯಿತು. ಗಾಳಿಗೆ ಉಬ್ಬಲೆಂದು ಹಾಯಿಯ ನಡುವೆ ಒಂದು ಹಿಡಿ ಹೆಚ್ಚು ಸಡಿಲ ಬಿಡತೊಡಗಿದಳು. ದೋಣಿಗಳು ಮೊದಲಿಗಿಂತ ಹಗುರವಾಗಿ ಓಡುತ್ತವೆಂದು ನಾವಿಕರು ಹೇಳಿದರು. ಕಣ್ಣು ಮಂಜಾದ ವರ್ಷ ಕೋಣೆಯ ಕೀಲಿಯನ್ನು ತಮ್ಮನ ಮಗಳಿಗೆ ಕೊಟ್ಟು, ಬಟ್ಟೆಬರೆ ಗಂಟು ಕಟ್ಟಿಕೊಂಡು ಆ ದ್ವೀಪಕ್ಕೇ ಹೋದಳು. ಅಲ್ಲಿ ಅಡಿಗೆಮನೆಯ ಹೆಂಗಸರಿಗೆ ಹೊಲಿಗೆ ಕಲಿಸುತ್ತ, ಮಧ್ಯಾಹ್ನ ತಪ್ಪದೆ ಮಲಗುತ್ತ, ಹದಿನಾಲ್ಕು ವರ್ಷ ಬದುಕಿದಳು.