ಊರ ಹೆಸರು ಹೇಳದ ಸೊಸೆಯರು

ಬುಧವಾರ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ಮಂಡಕ್ಕಿ ಒಗ್ಗರಣೆ ತುಂಬಿ, ತುಳಸಿಗೆ ನೀರು ಹಾಕಿ ಒಳಬರುವಷ್ಟರಲ್ಲಿ ಫೋನು. ನಮ್ಮ ಮಹಿಳಾ ಸಂಘದ ಅಧ್ಯಕ್ಷೆ.

"ಅಕ್ಕಾರ, ನಾರಾಯಣಪೇಟೆ ಜಿಲ್ಲಾ ಆತಲ್ರಿ, ಇವತ್ತ ನಾಕಕ್ಕ ಫಂಕ್ಷನ್ ಐತಿ. ಊರಿಗೆ ಈ ಹೆಸರು ಹೆಂಗ ಬಂತು ಅಂತ ಐದು ನಿಮಿಷ ಮಾತಾಡ್ರಿ. ನೀವು ಕಾನ್ವೆಂಟಿನ್ಯಾಗ ಓದಿದವರು."

ಕಾನ್ವೆಂಟಿನಲ್ಲಿ ನಮಗೆ ಥೇಮ್ಸ್ ನದಿ ಕಲಿಸಿದ್ದರು. ನಾರಾಯಣಪೇಟೆ ಸಿಲಬಸ್ಸಿನಲ್ಲಿ ಇರಲಿಲ್ಲ.

ಗದ್ವಾಲದವರು ಪುಣ್ಯವಂತರು. ಗದೆ, 'ವಾಲು' ಅಂದರೆ ಖಡ್ಗ, ಎರಡೂ ಹಿಡಿದ ರಾಜನ ಕಥೆ ಹೇಳಿ ಮುಗಿಸುತ್ತಾರೆ. ನಮ್ಮ ನಾರಾಯಣ ಯಾರು? ದೇವರೋ, ಜಾಗೀರದಾರನೋ, ಮೊದಲ ಅಂಗಡಿ ತೆರೆದ ವ್ಯಾಪಾರಿಯೋ?

ಪಕ್ಕದ ಮನೆಯ ಮಾಣಿಕಮ್ಮನವರನ್ನು ಕೇಳಿದೆ. ನೇಕಾರರ ಮನೆತನ, ಹಳಬರು.

"ಅದರಾಗ ಕೇಳೂದೇನೈತ್ರಿ? ನಮ್ಮ ಮನಿಯವರ ಮುತ್ಯಾಂದು."

"ಅವರ ಹೆಸರೇನು?"

"ಊರಿಂದೇ."

"ನಾರಾಯಣಪ್ಪನಾ?"

ಮಾಣಿಕಮ್ಮ ಸೆರಗು ಸರಿಮಾಡಿಕೊಂಡರು. "ನೀವು ಅನ್ರಿ. ನಾ ಅನ್ನಾಂಗಿಲ್ಲ. ಈ ಮನಿಗೆ ಬಂದಾಗಿಂದ ಊರ ಹೆಸರು ಬಾಯಾಗ ತಗೊಂಡಿಲ್ಲ. ಬಸ್ಸಿನ್ಯಾಗ 'ಪೇಟಿಗೊಂದು ಟಿಕೀಟು' ಅಂತೀನಿ. ಊರು ಅವರದ ಅಲ್ಲದಿದ್ರ ಇಷ್ಟು ತ್ರಾಸ ಯಾಕ ತಗೋತಿದ್ದೆ?"

(ಗಂಡನ ಮನೆಯ ಹಿರಿಯರ ಹೆಸರನ್ನು ನಮ್ಮ ಕಡೆ ಸೊಸೆಯರು ಇಂದಿಗೂ ಉಚ್ಚರಿಸುವುದಿಲ್ಲ.)

ನಾನು ಹೊರಡುವಾಗ ಮಗ್ಗದ ಕಡೆ ನೋಡಿ, "ನಿಮ್ಮ ತಂಗಿ ಮಗಳ ಸೀರಿ ಸೆರಗು ಇನ್ನೂ ಬಾಕಿ ಐತ್ರಿ. ನಮ್ಮವರೂ ಭಾಷಣ ಕೇಳಾಕ ಬರ್ತಾರ" ಎಂದರು.

ಅವಳ ನಿಶ್ಚಿತಾರ್ಥ ಶನಿವಾರ. ಅರ್ಥವಾಯಿತಲ್ಲ?

ಮಾಣಿಕಮ್ಮನ ಯಜಮಾನರ ಅಜ್ಜನನ್ನೇ ಹೇಳಿಬಿಡಬಹುದಿತ್ತು. ಆದರೆ ಹೂವು ಮಾರುವ ಸಾಯಮ್ಮನ ಮಾವನೂ ನಾರಾಯಣಪ್ಪ. ಕುರುಬರ ಓಣಿಯ ಬೀರಮ್ಮನ ಮಾವನ ಅಪ್ಪನೂ ನಾರಾಯಣಪ್ಪ. ಮುತ್ಯಾನ ಹೆಸರನ್ನೇ ಮೊಮ್ಮಗನಿಗೆ ಇಡುವ ಊರಿನಲ್ಲಿ ನಾರಾಯಣರಿಗೆ ಬರವೇ? ಅವರಿಬ್ಬರೂ ಊರ ಹೆಸರು ಹೇಳುವುದಿಲ್ಲ. ಅವರದೂ ಅದೇ ಸಾಕ್ಷಿ.

ನಾಲ್ಕು ಗಂಟೆಗೆ ಅಧ್ಯಕ್ಷೆ ಮೈಕ್ ಹಿಡಿದರು. "ಎಲ್ಲಾರೂ ಜೋರಾಗಿ ಅನ್ರಿ. ನಾರಾಯಣಪೇಟೆ ಜಿಲ್ಲಾ, ಜಿಂದಾಬಾದ್."

ಹಿಂದಿನ ಸಾಲುಗಳು ಪೂರ್ತಿ ಕೂಗಿದವು. ಮುಂದಿನ ಸಾಲಿನಲ್ಲಿ ಕುಳಿತ ಮಾಣಿಕಮ್ಮ, ಸಾಯಮ್ಮ, ಬೀರಮ್ಮನಿಂದ ಬಂದದ್ದು "ಪೇಟಿ ಜಿಲ್ಲಾ, ಜಿಂದಾಬಾದ್" ಮಾತ್ರ. ಅಧ್ಯಕ್ಷೆ ಇನ್ನೊಮ್ಮೆ ಕೂಗಿಸಿದರು. ಮತ್ತೆ ಮೂವರೂ ತುಟಿ ಬಿಗಿಹಿಡಿದು, 'ಪೇಟಿ' ಬಂದಾಗ ಹಾರಿ ಸೇರಿಕೊಂಡರು.

ನನ್ನ ಸರದಿ. ಬಾಗಿಲಲ್ಲಿ ಮಾಣಿಕಮ್ಮನ ಯಜಮಾನರು ಕೈಕಟ್ಟಿ ನಿಂತಿದ್ದರು. ಬರೆದುಕೊಂಡ ಚೀಟಿ ಮಡಚಿಟ್ಟೆ.

"ಯಾವ ನಾರಾಯಣ ಅಂತ ನನಗೆ ಗೊತ್ತಾಗಲಿಲ್ಲ. ಆದರೆ ಈ ಹೆಸರು ಬಾಯಿಂದ ಹೇಳದಷ್ಟು ಮರ್ಯಾದೆ ಯಾರ ಮನೆಯಲ್ಲಿದೆಯೋ, ಊರು ಅವರದು."

ಐದು ನಿಮಿಷದ ಸ್ಪೀಚ್ ಅರ್ಧ ನಿಮಿಷಕ್ಕೆ ಮುಗಿಯಿತು. ಮುಂದಿನ ಸಾಲಿನಲ್ಲಿ ಮೂರು ಮುಖಗಳು ಅರಳಿದವು. ಇತಿಹಾಸ ಎಂದರೆ ಹೀಗೇ ಏನೋ. ತಾಮ್ರಪಟ ಯಾರು ಓದಿದ್ದಾರೆ? ಸೊಸೆಯರು ನುಂಗಿಕೊಂಡ ಹೆಸರೇ ದಾಖಲೆ.

ಸಂಜೆ ಮಾಣಿಕಮ್ಮ ಕಾಂಪೌಂಡಿನ ಮೇಲಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದರು. "ನಮ್ಮವರು ಸೆರಗು ನೇಯಾಕ ಹಿಡದಾರ್ರಿ. ಶುಕ್ರವಾರ ಬಂದು ಒಯ್ರಿ" ಎಂದರು. ನಾನು ನಿಟ್ಟುಸಿರು ಬಿಟ್ಟೆ.

ಒಳಗೆ ಹೋಗುತ್ತಿದ್ದವರು ಏನೋ ನೆನಪಾಗಿ ತಿರುಗಿದರು. "ನಮ್ಮದೇನೋ ಸರಿ ಅಕ್ಕಾರ. ಆ ಸಾಯಮ್ಮಗ, ಬೀರಮ್ಮಗ ಊರ ಹೆಸರು ಹೇಳಾಕ ಏನು ಧಾಡಿ ಆಗಿತ್ರಿ?"